ಪೋಸ್ಟ್ ಹುಡುಗಿಯ ಗಡಿಯಾರಕ್ಕೆ ಕಟ್ಟಿದ ಚೀಟಿ

ನಾನು ಗಡಿಯಾರ ರಿಪೇರಿ ಮಾಡುವವನು. ಮೂವತ್ತೊಂದು ವರ್ಷದಿಂದ ಊರವರ ಗಡಿಯಾರಗಳಿಗೆ ಬುದ್ಧಿ ಹೇಳುತ್ತ ಬಂದಿದ್ದೇನೆ. ಅಭ್ಯಾಸಬಲದಿಂದ ಮನುಷ್ಯರಿಗೂ ಹೇಳುತ್ತೇನೆ. ಗಡಿಯಾರಗಳು ಕೇಳುತ್ತವೆ.

ಇಂಥ ನಾನು ಒಂದು ದಿನ ಆಳೆತ್ತರದ ಗಡಿಯಾರವೊಂದನ್ನು, "ಬಿಡಿ, ನಾನೊಬ್ಬನೇ ಸಾಕು," ಎಂದು ಗಿರಾಕಿಯ ಮುಂದೆ ಜಂಬ ಕೊಚ್ಚಿ ಎತ್ತಲು ಹೋದೆ. ಗಡಿಯಾರ ಒಂದಿಂಚು ಎದ್ದಿತು. ನಾನು ಏಳಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಹತ್ತು ದಿನ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಬಿದ್ದಿರಿ ಎಂದರು ಡಾಕ್ಟರು. ನಮ್ಮ ಮನೆಯಲ್ಲಿ ಗಟ್ಟಿ ಹಾಸಿಗೆ ಇರುವುದು ಹಿಂದಿನ ಕೋಣೆಯಲ್ಲಿ, ಅಂದರೆ ನನ್ನ ಹೆಂಡತಿಯ ಕೋಣೆಯಲ್ಲಿ.

ಅದು ಅವಳ ಕೋಣೆ ಆದದ್ದು ಹೇಗೆಂದು ಹೇಳಿಬಿಡುತ್ತೇನೆ, ಯಾಕೆಂದರೆ ತಪ್ಪು ನನ್ನದು. ವರ್ಷದ ಕೊನೆಯ ರಜೆ ಹತ್ತಿರ ಬಂತೆಂದರೆ ಟೀವಿಯಲ್ಲಿ ಒಂದು ಬಗೆಯ ಸಿನಿಮಾಗಳು ಶುರುವಾಗುತ್ತವೆ. ಟೀವಿಗೆಂದೇ ಮಾಡಿದವು, ಚಿತ್ರಮಂದಿರದ ಮುಖ ಕಂಡವಲ್ಲ. ಹಿಮ ಬೀಳುತ್ತದೆ, ದೀಪದ ಸರ ಮಿನುಗುತ್ತದೆ, ಸದಾ ಕೆಲಸ ಕೆಲಸ ಎನ್ನುವ ಹುಡುಗಿಗೆ ರಜೆಯಲ್ಲಿ ಒಬ್ಬ ಒಳ್ಳೆಯ ಹುಡುಗ ಸಿಗುತ್ತಾನೆ. ಹೆಂಡತಿಗೆ ಇವೆಂದರೆ ಪ್ರಾಣ. ಕಣ್ಣಾಸ್ಪತ್ರೆಯಲ್ಲಿ ದಿನವಿಡೀ ಕಂಡವರ ಕಣ್ಣಿಗೆ ಔಷಧ ಬಿಟ್ಟು ಬಂದು, ಸಂಜೆ ತನ್ನ ಕಣ್ಣಲ್ಲಿ ತಾನೇ ನೀರು ತರಿಸಿಕೊಳ್ಳುವುದು ಅವಳ ಸುಖ. ಮೂರು ವರ್ಷದ ಹಿಂದೆ ಹಾಲಿನಲ್ಲಿ ಕೂತು ಅವಳು ಹಾಗೆ ಅಳುತ್ತಿದ್ದಾಗ ನನ್ನ ತಂಗಿಯ ಸಂಸಾರವೆಲ್ಲ ಬಂದಿತ್ತು. ನಾನು ಸೋಫಾದ ಹಿಂದೆ ನಿಂತು, ಟವೆಲನ್ನು ಮೂಗಿಗೆ ಒತ್ತಿಕೊಂಡು, ಅವಳ ಹಾಗೆಯೇ ಬಿಕ್ಕಿ ಬಿಕ್ಕಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ಮರುದಿನ ಹಳೆಯ ಟೀವಿಯನ್ನು ಹಿಂದಿನ ಕೋಣೆಗೆ ಸಾಗಿಸಿ ಬಾಗಿಲು ಹಾಕಿಕೊಂಡಳು.

ಅಂದಿನಿಂದ ಸಂಜೆ ಹಾಲಿನಲ್ಲಿ ನಾನು, ವಾರ್ತೆ ಓದುವವನು, ಮತ್ತು ಅವಳು ಕೂರುತ್ತಿದ್ದ ಕಡೆ ತಗ್ಗು ಬಿದ್ದ ಸೋಫಾ. ಅವಳಿಲ್ಲದೆ ನನಗೆ ಬೇಜಾರಾಗುತ್ತಿತ್ತು. ಬಾಗಿಲು ತಟ್ಟಿ ಹಾಗೆಂದು ಹೇಳಬಹುದಿತ್ತು. ಆದರೆ ನಾನು ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯ ಜಟ್ಟಿ.

ಮಲಗಿದ ಮೂರನೆಯ ದಿನ, ಹೆಂಡತಿ ಕೆಲಸಕ್ಕೆ ಹೋದ ಮೇಲೆ, ವಾರ್ತೆ ನೋಡೋಣವೆಂದು ಟೀವಿ ಹಾಕಿದೆ. ಅವಳ ಚಾನೆಲ್ಲು ಬಂತು. ಬದಲಾಯಿಸುವಷ್ಟರಲ್ಲಿ ರಿಮೋಟ್ ಕೈಜಾರಿ ನೆಲಕ್ಕೆ ಬಿತ್ತು. ಸೊಂಟ ಬಗ್ಗದು. ವಿಧಿಯಿಲ್ಲದೆ ನೋಡಿದೆ. ಮಂಚಕ್ಕೆ ಒರಗಿಸಿಟ್ಟ ಊರುಗೋಲಿನಿಂದ ರಿಮೋಟನ್ನು ಎಳೆದುಕೊಳ್ಳಬಹುದಿತ್ತು ಎಂಬುದು ಸಿನಿಮಾ ಅರ್ಧ ಮುಗಿದ ಮೇಲೆ ಹೊಳೆಯಿತು. ಹೊಳೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಕಥೆ ಇಷ್ಟು. ಮನೆಮನೆಗೆ ಪೋಸ್ಟ್ ಹಂಚುವ ಹುಡುಗಿಯೊಬ್ಬಳು ರಜೆಗೆ ಅಜ್ಜಿಯ ಮನೆಗೆ ಬರುತ್ತಾಳೆ. ಅಟ್ಟದ ಮೇಲೆ ಗಂಟೆ ಹೊಡೆಯುವ ಹಳೆಯ ಗಡಿಯಾರ. ಅದರ ನಿಮಿಷದ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತಾಳೆ. ಸುಯ್ಯೆಂದು ಹಿಮ ಸುತ್ತಿ, ಅರವತ್ತು ವರ್ಷ ಹಿಂದಿನ ಅದೇ ಬೀದಿಯಲ್ಲಿ ಪಿಯಾನೋ ಸರಿಮಾಡುವ ಒಬ್ಬ ಹುಡುಗನ ಮೇಲೆ ಹೋಗಿ ಬೀಳುತ್ತಾಳೆ.

"ಹಿಂದಕ್ಕೆ ತಿರುಗಿಸಬೇಡಮ್ಮಾ," ಎಂದು ಕೂಗಿಯೇಬಿಟ್ಟೆ. ಗಂಟೆ ಹೊಡೆಯುವ ಗಡಿಯಾರವನ್ನು ಎಂದೂ ಹಿಂದಕ್ಕೆ ತಿರುಗಿಸಬಾರದು, ಗಂಟೆ ಹೊಡೆಸುವ ಒಳಗಿನ ಸನ್ನೆಕೋಲುಗಳು ಮುರಿಯುತ್ತವೆ. ಒಂದು ಗಂಟೆ ಹಿಂದೆ ಹೋಗಬೇಕಾದರೆ ಹನ್ನೊಂದು ಗಂಟೆ ಮುಂದೆ ಹೋಗಬೇಕು, ಒಂದೊಂದು ಗಂಟೆಗೂ ನಿಂತು, ಪೂರ್ತಿ ಹೊಡೆಯಲು ಬಿಟ್ಟು. ಇದನ್ನು ನಾನು ಗಿರಾಕಿಗಳಿಗೆ ದಿನಕ್ಕೊಮ್ಮೆ, ಹೆಂಡತಿಗೆ ಊಟದ ಹೊತ್ತಿನಲ್ಲಿ ಎರಡು ಸಲ ಹೇಳುತ್ತೇನೆ.

ಸಿಟ್ಟಿಗೆ ಜೇಬಿನಿಂದ ಚೀಟಿ ತೆಗೆದೆ. ಅಂಗಡಿಗೆ ಬಂದ ಪ್ರತಿ ಗಡಿಯಾರಕ್ಕೂ ದೂರು ಬರೆದ ಚೀಟಿಯೊಂದನ್ನು ದಾರದಲ್ಲಿ ಕಟ್ಟುತ್ತೇನೆ. ಮಲಗಿದರೂ ಚೀಟಿ, ಪೆನ್ಸಿಲು ಜೇಬಲ್ಲಿ ಇರಲೇಬೇಕು. ಬರೆದೆ: "ಗಿರಾಕಿ: ಪೋಸ್ಟ್ ಹುಡುಗಿ. ದೂರು: ಅರವತ್ತು ವರ್ಷ ಹಿಂದಿದೆ. ಕಾರಣ: ಗಿರಾಕಿಯ ಅವಸರ."

ಅಷ್ಟಕ್ಕೆ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಅರ್ಧ ಗಂಟೆ ಬಿಟ್ಟು ಅದರ ಕೆಳಗೆ ಬರೆದೆ: "ಹುಡುಗ ಒಳ್ಳೆಯವನು. ಕೈ ನಡುಗುವುದಿಲ್ಲ." ಇನ್ನರ್ಧ ಗಂಟೆಗೆ: "ಅವನಿಗೆ ನಿಜ ಹೇಳಿಬಿಡಬಾರದೇ?" ಹುಡುಗಿ ಅಟ್ಟದ ಮೆಟ್ಟಿಲು ಹತ್ತತೊಡಗಿದಳು. ಗಡಿಯಾರ ಹನ್ನೆರಡು ಹೊಡೆದು ಮುಗಿಸುವುದರೊಳಗೆ ಅವಳು ತನ್ನ ಕಾಲಕ್ಕೆ ಹೊರಡಬೇಕು, ಇಲ್ಲವೇ ಅಲ್ಲೇ ಉಳಿಯಬೇಕು. ಕೆಳಗೆ ಹುಡುಗ ಪಿಯಾನೋ ನುಡಿಸುತ್ತಿದ್ದಾನೆ. ನನ್ನ ಪೆನ್ಸಿಲು ತಾನಾಗಿಯೇ ಬರೆಯಿತು: "ವಾಪಸು ಹೋಗಬೇಡ ಕಣಮ್ಮ."

ಆಗ ಬಾಗಿಲು ದೂಡಿಕೊಂಡು ಬಂದಳು, ನನ್ನ ಸೊಂಟ ನೀವಲು ಡಾಕ್ಟರು ಗೊತ್ತುಮಾಡಿದ ಫಿಸಿಯೋಥೆರಪಿಯವಳು. ಚೀಟಿಯನ್ನು ದಿಂಬಿನ ಕವರಿನೊಳಗೆ ತುರುಕಿದೆ.

"ಟೀವಿ ಆಫ್ ಮಾಡ್ಲಾ ಸಾರ್?"

"ಮಾಡಿ ಮಾಡಿ. ಯಾವನು ನೋಡ್ತಾನೆ ಆ ಕಸಾನ," ಎಂದಿತು ನನ್ನ ಬಾಯಿ. ಆ ಬಾಯಿಗೆ ಬೀಗ ಹಾಕುವ ರಿಪೇರಿ ನನಗೆ ಇನ್ನೂ ಬಂದಿಲ್ಲ.

ಅವಳು ಟೀವಿ ಆರಿಸಿ ನನ್ನ ಮುಖ ನೋಡಿದಳು. "ಕಣ್ಣಲ್ಲಿ ನೀರಾ? ನಾನಿನ್ನೂ ಮುಟ್ಟೇ ಇಲ್ವಲ್ಲ ಸಾರ್."

ಹುಡುಗಿ ಏನು ಮಾಡಿದಳೋ ಗೊತ್ತಾಗಲಿಲ್ಲ. ಗೊತ್ತಿದ್ದವಳು ಹೆಂಡತಿ ಒಬ್ಬಳೇ, ಸಂಜೆ ಕೆಲಸದಿಂದ ಬಂದು ನನ್ನ ಕಾಲ ಬಳಿ ಕೂತಳು.

"ನಿನ್ನ ಆ ಪಿಕ್ಚರುಗಳಲ್ಲಿ," ಎಂದೆ ಗೋಡೆ ನೋಡುತ್ತ, "ಸುಮ್ನೆ ಕೇಳ್ತೀನಿ, ಹಳೇ ಕಾಲಕ್ಕೆ ಹೋದೋರು ಅಲ್ಲೇ ಉಳಿದುಬಿಡೋದುಂಟಾ?"

"ಸುಮ್ನೆ ಕೇಳ್ತಿದ್ದೀರಾ?"

"ಹೂಂ. ಹೊತ್ತು ಹೋಗಲ್ಲ ನೋಡು."

ಅವಳು ದಿಂಬಿನ ಕವರು ಬದಲಾಯಿಸಲು ಎದ್ದಳು. ಬೇಡ, ನಿನ್ನೆಯಷ್ಟೇ ಹಾಕಿದ್ದು ಎಂದೆ. ಅಷ್ಟರಲ್ಲಿ ಚೀಟಿ ಉದುರಿತು.

ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಮತ್ತೊಮ್ಮೆ ಓದಿದಳು. ಗೂಟಕ್ಕೆ ಟವೆಲ್ ತೂಗುಹಾಕಿತ್ತು. ಈಗ ಅದನ್ನು ತೆಗೆದು ಮೂಗಿಗೆ ಒತ್ತಿಕೊಳ್ಳುತ್ತಾಳೆ, ನನ್ನ ಹಾಗೆ ಬಿಕ್ಕುತ್ತಾಳೆ ಎಂದು ಕಾದೆ. ಹಾಗೆ ಮಾಡುವ ಹಕ್ಕು ಅವಳಿಗಿತ್ತು. ಅವಳು ಮಾಡಲಿಲ್ಲ, ಚೀಟಿಯನ್ನು ಮಡಿಸಿ ಪರ್ಸಿಗೆ ಹಾಕಿಕೊಂಡಳು. ಅದರಿಂದ ನನಗೆ ಇನ್ನೂ ನಾಚಿಕೆಯಾಯಿತು.

"ಅವತ್ತು ನಾನು ಮಾಡಿದ್ದು ತಪ್ಪು ಕಣೆ," ಎಂದೆ. "ಎಲ್ಲರ ಮುಂದೆ ಹಾಗೆ ಮಾಡಬಾರದಿತ್ತು. ಹಾಲಲ್ಲಿ ಒಬ್ಬನೇ ಕೂರೋಕಾಗಲ್ಲ ನನಗೆ."

"ನಿಮ್ಮ ತಂಗಿ ಈಗಲೂ ಫೋನಲ್ಲಿ ಕೇಳ್ತಾಳೆ, ಟವೆಲ್ ಬೇಕಾ ಅತ್ತಿಗೆ ಅಂತ. ಮೂರು ವರ್ಷದಿಂದ ಕೇಳ್ತಿದ್ದಾಳೆ."

ನನಗೆ ಅದು ಗೊತ್ತಿರಲಿಲ್ಲ. "ಅದನ್ನ ಹಿಂದಕ್ಕೆ ತಿರುಗಿಸೋ ಹಾಗಿದ್ದಿದ್ರೆ…"

"ತಿರುಗಿಸಬಾರದು ಅನ್ನೋರು ನೀವೇ ಅಲ್ವಾ? ಒಂದು ಗಂಟೆ ಹಿಂದೆ ಹೋಗ್ಬೇಕಂದ್ರೆ ಏನ್ ಮಾಡ್ಬೇಕು?"

"ಹನ್ನೊಂದು ಗಂಟೆ ಮುಂದೆ ಹೋಗ್ಬೇಕು."

"ಹೇಗೆ?"

"ಒಂದೊಂದಕ್ಕೂ ನಿಂತು, ಪೂರ್ತಿ ಹೊಡೆಯೋಕೆ ಬಿಟ್ಟು," ಎಂದೆ, ಪಾಠ ಒಪ್ಪಿಸುವವನಂತೆ.

"ಹಾಗಾದ್ರೆ ಹನ್ನೊಂದು ಪಿಕ್ಚರು. ಹಾಲಲ್ಲಿ, ನನ್ನ ಪಕ್ಕ, ಬಾಯಿ ಮುಚ್ಕೊಂಡು. ಪೋಸ್ಟ್ ಹುಡುಗಿದು ಹನ್ನೊಂದನೇದು. ರಜೆ ಮುಗಿಯೋದ್ರೊಳಗೆ ಇನ್ನೊಂದು ಸಲ ಹಾಕ್ತಾರೆ."

"ಅಲ್ಲೀವರೆಗೂ ಕೊನೆ ಹೇಳಲ್ವಾ?"

"ಹೇಳಲ್ಲ."

ಸೊಂಟ ನೆಟ್ಟಗಾಯಿತು. ಹೆಂಡತಿಯೂ ಅವಳ ಚಾನೆಲ್ಲೂ ಹಾಲಿಗೆ ಬಂದರು. ಹೂವಿನಂಗಡಿಯವಳದ್ದು ನೋಡಿದೆ, ವಿಮಾನ ತಪ್ಪಿಸಿಕೊಂಡವಳದ್ದು ನೋಡಿದೆ, ಕನ್ನಡಿಯೊಳಗಿಂದ ನೂರು ವರ್ಷ ಹಿಂದಕ್ಕೆ ಜಾರಿದ ಲಾಯರಮ್ಮನದ್ದನ್ನೂ ನೋಡಿದೆ. ಬಾಯಿ ತೆರೆದದ್ದು ಎರಡೇ ಸಲ, ಎರಡೂ ಸಲ ಸಿನಿಮಾದೊಳಗಿನ ಗೋಡೆ ಗಡಿಯಾರ ತಪ್ಪು ತೋರಿಸಿದ್ದಕ್ಕೆ. ಒಂದಕ್ಕೆ ಹೆಂಡತಿಯೂ ತಲೆಯಾಡಿಸಿದಳು.

ಹನ್ನೊಂದನೆಯದು ಬಂದ ಭಾನುವಾರ ಮಧ್ಯಾಹ್ನ ತಂಗಿಯ ಸಂಸಾರವೂ ಬಂತು. ಇನ್ನೊಂದು ದಿನ ನೋಡೋಣ ಎನ್ನಬಹುದಿತ್ತು. ಹೆಂಡತಿ ನನ್ನ ಮುಖ ನೋಡಿದಳು. ನಾನೇ ಟೀವಿ ಹಾಕಿ ಅವಳ ಪಕ್ಕ ಕೂತೆ. ಪೋಸ್ಟ್ ಹುಡುಗಿ ಅಟ್ಟದ ಮೆಟ್ಟಿಲು ಹತ್ತಿದಳು, ಪಿಯಾನೋ ಕೇಳಿಸಿತು, ಗಡಿಯಾರ ಹೊಡೆಯತೊಡಗಿತು. ಹತ್ತನೆಯ ಹೊಡೆತಕ್ಕೆ ನಾನು ಬಿಕ್ಕಿಯೇಬಿಟ್ಟೆ. ಅದೇ ಹಾಲು, ಅದೇ ಸೋಫಾ, ಅದೇ ಜನ.

"ಅಯ್ಯೋ, ಅಣ್ಣ ಅಳ್ತಿದ್ದಾನೆ," ಎಂದಳು ತಂಗಿ. ಅವಳ ಗಂಡ ಗೊಳ್ಳೆಂದು ನಕ್ಕ. "ಅತ್ತಿಗೆ, ಟವೆಲ್ ಎಲ್ಲಿದೆ, ಕೊಡಿ ಬೇಗ," ಎಂದು ತಂಗಿ ಕೈಚಾಚಿದಳು.

ಹೆಂಡತಿ ನಗಲಿಲ್ಲ. ಟೀವಿಯಿಂದ ಕಣ್ಣು ತೆಗೆಯದೆ, ತನ್ನ ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟಳು.

"ಸುಮ್ನಿರೇ," ಎಂದಳು ತಂಗಿಗೆ. "ಪೂರ್ತಿ ಹೊಡೀಲಿ ಬಿಡು."