ತೊರೆಯಾಚೆಯ ನೆಲ

ಬೆಟ್ಟದ ಮೇಲಿದ್ದ ಖಮು ಬುಡಕಟ್ಟಿನ ಜನರನ್ನು ಸರ್ಕಾರ ಕೆಳಗಿಳಿಸಿ, ನಾಮ್ ಊ ನದಿಯ ದಡದ ಲಾವೋ ಜನರ ಹಳ್ಳಿಗೆ ಅಂಟಿಸಿ ಕೂರಿಸಿತು. ಅಂದಿನಿಂದ ಆ ಹಳ್ಳಿಯ ಹೆಂಗಸು ಸೆಂಗ್‌ದಾವ್‌ಗೆ ಹೊಟ್ಟೆಯಲ್ಲಿ ಕೆಂಡ. ರಸ್ತೆ, ಶಾಲೆ, ಕರೆಂಟು ಎಲ್ಲರಿಗೂ ಸಿಗಬೇಕು ಎಂದು ಅಧಿಕಾರಿಗಳು ಹೇಳಿದ್ದರು. ಅವಳ ಕಣ್ಣಿಗೆ ಬಿದ್ದದ್ದು ತೊರೆಯಾಚೆಯ ನೆಲವೊಂದೇ. ಅಪ್ಪನ ಕಾಲದಿಂದ ತನ್ನ ಎಮ್ಮೆಗಳು ಮೇಯುತ್ತಿದ್ದ ಆ ಜಾಗವನ್ನು ಯೆಂಗ್ ಎಂಬ ಖಮು ವಿಧವೆ ಕಡಿದು, ಸುಟ್ಟು, ಜೋಳ ಬಿತ್ತಿದ್ದಳು.

ಪೈರು ಮೊಣಕಾಲೆತ್ತರ ಬಂದಾಗ ಸೆಂಗ್‌ದಾವ್‌ಳ ಎಮ್ಮೆ ಅದರೊಳಗೆ ನುಗ್ಗಿತು. ತಾನಾಗಿ ನುಗ್ಗಿತೋ, ಅವಳೇ ಹಗ್ಗ ಬಿಚ್ಚಿದಳೋ, ಅವಳು ಯಾರಿಗೂ ಹೇಳಲಿಲ್ಲ. ಸಂಜೆ ಎಮ್ಮೆ ತೊಡೆಗೆ ಕತ್ತಿಯೇಟು ಬಿದ್ದು ಕುಂಟುತ್ತ ಮರಳಿತು.

ಸೆಂಗ್‌ದಾವ್ ತೊರೆಯ ದಡಕ್ಕೆ ಓಡಿದಳು. "ಯಾವಳೇ ನನ್ನ ಎಮ್ಮೆ ಕಡಿದೋಳು? ಈಚೆ ಬಾರೇ!"

ಯೆಂಗ್ ಕತ್ತಿ ಹಿಡಿದೇ ಬಂದಳು. "ನಾನೇ. ಇನ್ನೊಂದ್ ಸಲ ಬಂದ್ರೆ ಕೊಯ್ದು ಊರಿಗೆಲ್ಲ ಹಂಚ್ತೀನಿ. ನೀನೂ ಬಾ, ನಿಂಗೂ ಒಂದ್ ತುಂಡು ಇಡ್ತೀನಿ."

"ಕಾಡಿಂದ ಇಳಿದು ಬಂದೋರಿಗೆ ಎಷ್ಟು ಕೊಬ್ಬು ನೋಡು!"

"ನಾವೇನ್ ಕೇಳ್ಕೊಂಡು ಇಳಿದ್ವಾ? ಹೋಗಿ ನಿಮ್ ಸರ್ಕಾರಾನ ಬೈಯಿ."

ಊರ ಮುಖ್ಯಸ್ಥ ಸೊಂಪೆತ್ ನಡುವೆ ಬಂದು ಇಬ್ಬರನ್ನೂ ಗದರಿ ಕಳಿಸಿದ. ಸೆಂಗ್‌ದಾವ್ ಅದನ್ನು ಮರೆಯಲಿಲ್ಲ.

ಮಳೆಗಾಲ ಕಳೆಯುತ್ತಲೇ ಜಿಲ್ಲೆಯ ಅಧಿಕಾರಿ ಒಬ್ಬ ಚೀನೀ ವ್ಯಾಪಾರಿಯನ್ನು ಕರೆತಂದ. ಬಾಳೆ ತೋಟಕ್ಕೆ ನೆಲ ಬೇಕಿತ್ತು. ದೇಗುಲದ ಅಂಗಳದಲ್ಲಿ ಸಭೆ ಸೇರಿತು. ಅಧಿಕಾರಿ ಕೇಳಿದ: "ತೊರೆಯಾಚೆ ಯಾರಾದ್ರೂ ಉಳ್ತಿದಾರಾ? ಉಳೋರಿದ್ರೆ ಬಿಟ್ಟುಬಿಡ್ತೀವಿ."

ಯೆಂಗ್ ಏಳುವ ಮೊದಲೇ ಸೆಂಗ್‌ದಾವ್ ಎದ್ದಳು. "ಯಾರೂ ಇಲ್ಲ ಸ್ವಾಮಿ. ಬೆಟ್ಟದ ಬುಡದವರೆಗೂ ಬರೀ ಕಾಡು. ನಾನು ಹುಟ್ಟಿದಾಗ್ಲಿಂದ ನೋಡ್ತಿದೀನಿ."

"ಸುಳ್ಳು!" ಎಂದು ಯೆಂಗ್ ಕೂಗಿದಳು. ಅವಳ ಹರಕು ಲಾವೋ ಮಾತಿಗೆ ಕೆಲವರು ನಕ್ಕರು. ಸೊಂಪೆತ್ ತಲೆ ತಗ್ಗಿಸಿ ಕೂತ. ಕಾಡೆಂದ ಮೇಲೆ ಅದು ಸರ್ಕಾರದ್ದೇ. ಅಧಿಕಾರಿ ನಕ್ಷೆಯ ಮೇಲೆ ಗೆರೆ ಎಳೆದ. ಆ ರಾತ್ರಿ ಸೆಂಗ್‌ದಾವ್ ಅಂಟಕ್ಕಿ ಅನ್ನವನ್ನು ಎರಡು ತುತ್ತು ಹೆಚ್ಚೇ ಉಂಡಳು.

ತೋಟದವರು ಮೊದಲು ಮಾಡಿದ ಕೆಲಸವೆಂದರೆ ತೊರೆಗೆ ಕಟ್ಟೆ ಹಾಕಿದ್ದು. ಸೆಂಗ್‌ದಾವ್‌ಳ ಗದ್ದೆಗೆ ಹರಿಯುತ್ತಿದ್ದ ಕಾಲುವೆ ಒಣಗಿತು. ಅವಳು ಸೊಂಪೆತ್‌ನ ಮನೆ ಮೆಟ್ಟಿಲಲ್ಲಿ ನಿಂತು ಎದೆ ಬಡಿದುಕೊಂಡಳು.

"ಅಣ್ಣಾ, ನನ್ನ ನೀರು!"

"ತೊರೆ ಹುಟ್ಟೋದು ಎಲ್ಲಿ? ಬೆಟ್ಟದ ಬುಡದಲ್ಲಿ. ಅದೂ ಕಾಡು ಅಂತ ನೀನೇ ಬರೆಸಿದ್ಯಲ್ಲಮ್ಮ," ಎಂದ ಸೊಂಪೆತ್. "ಈಗ ನಾನ್ಯಾರ ಕಾಲು ಹಿಡೀಲಿ?"

ಆ ವಾರವೇ ಯೆಂಗ್ ಬೆನ್ನ ಮೇಲಿನ ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು, ತನ್ನವರೊಡನೆ ಬೆಟ್ಟ ಹತ್ತಲು ಹೊರಟಳು. ಸೆಂಗ್‌ದಾವ್‌ಳ ಮನೆ ಮುಂದೆ ನಿಂತಳು.

"ನಂಗೆ ಹತ್ತೋಕೆ ಬೆಟ್ಟ ಐತೆ ಕಣೇ. ನೀನೆಲ್ಲಿಗೆ ಹೋಗ್ತೀಯ?"

"ಹಾಳಾಗ್ ಹೋಗು!" ಸೆಂಗ್‌ದಾವ್ ಪಾತ್ರೆ ತೊಳೆದ ನೀರನ್ನು ಅವಳ ಕಾಲಿಗೆ ಎರಚಿದಳು. ಯೆಂಗ್ ಉಗಿದು ಮುಂದೆ ನಡೆದಳು.

ನಾಟಿಯ ಹೊತ್ತಿಗೆ ಸೆಂಗ್‌ದಾವ್ ಬಾಳೆ ತೋಟದ ಬೇಲಿಯ ಬಳಿ ಕೂಲಿಯವರ ಸಾಲಿನಲ್ಲಿ ನಿಂತಿದ್ದಳು. ಮುಂದಿದ್ದ ಹೆಂಗಸಿನೊಡನೆ ಮಾತು ತೆಗೆದಳು: "ಎಲ್ಲಾ ಆ ಬೆಟ್ಟದೋರಿಂದ ಆಗಿದ್ದು ಕಣಮ್ಮ. ಅವರು ಕೆಳಗೆ ಬರದೇ ಇದ್ದಿದ್ರೆ..." ಆ ಹೆಂಗಸು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು.