ಕೈ ಎತ್ತದವನು

ಅಗೋ, ಮತ್ತೆ ಅದೇ, ಪರದೆಯ ಬಲತುದಿಯಲ್ಲಿ ಎಂಬತ್ತನಾಲ್ಕನೇ ನಂಬರಿನ ಅಂಗಿ, ಓಡಿ ಓಡಿ ಮೈದಾನದ ಮೂಲೆಗೆ ಬಂದು ನಿಂತಿದ್ದಾನೆ, ಸುತ್ತ ಒಂದು ನರಪಿಳ್ಳೆಯೂ ಇಲ್ಲ, ತಿರುಗಿ ಚೆಂಡು ಎಸೆಯುವವನ ಕಡೆ ನೋಡುತ್ತಿದ್ದಾನೆ, ಕೈ ಮಾತ್ರ ಎತ್ತುತ್ತಿಲ್ಲ — ನದೀನ್ ಹ್ರುಸ್ಕಾ ಗುಂಡಿ ಒತ್ತಿ ಚಿತ್ರವನ್ನು ಹಿಂದಕ್ಕೆ ಓಡಿಸಿದಳು, ಝೈರ್ ಕೋಲ್ಕಿಟ್ ಬೆನ್ನು ಮುಂದಾಗಿ ಓಡಿ ಸಾಲಿಗೆ ಸೇರಿಕೊಂಡ, ಮತ್ತೆ ಒತ್ತಿದಳು, ಮತ್ತೆ ಮೂಲೆ, ಮತ್ತೆ ಕೈ ಕೆಳಗೆ, ಜೋತುಬಿದ್ದಿರುವುದೂ ಅಲ್ಲ, ಸುಮ್ಮನೆ ಕೆಳಗೆ. ಈ ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಚೆಂಡು ಹಿಡಿಯುವ ಕೆಲಸದವರೆಲ್ಲ ಒಂದೇ ಜಾತಿ, ಎರಡಡಿ ಜಾಗ ಸಿಕ್ಕರೆ ಸಾಕು ಬಸ್ಸು ನಿಲ್ಲಿಸುವವರ ಹಾಗೆ ಕೈ ಎತ್ತಿ ಕುಣಿಯುತ್ತಾರೆ, ಜಾಗ ಸಿಗದಿದ್ದರೂ ಕುಣಿಯುತ್ತಾರೆ, ಚೆಂಡು ಬರಲಿಲ್ಲವೋ ಎರಡೂ ಅಂಗೈ ಚಾಚಿ ಅರವತ್ತು ಸಾವಿರ ಜನಕ್ಕೆ ದೂರು ಕೊಡುತ್ತಾರೆ, ಇಪ್ಪತ್ತಾರು ವರ್ಷದಲ್ಲಿ ಅವಳು ಅಂಥ ಅಂಗೈಗಳನ್ನು ಎಷ್ಟು ನೋಡಿಲ್ಲ, ಆದರೆ ಈ ಹುಡುಗ ಹೀಗೆ ನಿಲ್ಲುತ್ತಾನೆ, ಆಮೇಲೆ ಮೆಲ್ಲಗೆ ಓಡಿ ವಾಪಸ್ಸು ಬರುತ್ತಾನೆ, ಅಷ್ಟೇ. ಗೋಡೆಯ ಗಡಿಯಾರದಲ್ಲಿ ಎರಡೂ ಹತ್ತು. ನಾಲ್ಕಕ್ಕೆ ಬಾಗಿಲು ಮುಚ್ಚಿದರೆ ಈ ವರ್ಷಕ್ಕೆ ಆಟಗಾರರ ಅದಲುಬದಲು ಮುಗಿಯಿತು, ಬೇಕಾದಷ್ಟು ಹೊತ್ತಿದೆ, ಟೊಲೀಡೊ ತಂಡಕ್ಕೆ ಯಾರು ಬರಬೇಕು ಯಾರು ಹೋಗಬೇಕು ಎಂದು ಹೇಳುವ ಮ್ಯಾನೇಜರ್ ತಾನು, ತನಗೆ ಅವಸರವಿಲ್ಲ, ಅವಸರವೆಲ್ಲ ಆ ಹುಡುಗನ ತಂಡ ಒಮಾಹಾದ ಮ್ಯಾನೇಜರ್ ರಸ್ ಟಾಲಿವರನಿಗೆ, ಬೆಳಿಗ್ಗೆಯಿಂದ ಮೂರು ಸಲ ಫೋನು ಮಾಡಿದ್ದಾನೆ, ಮನೆಯಲ್ಲಿ ಹಾವು ಹೊಕ್ಕವನ ಹಾಗೆ ಆಡುತ್ತಿದ್ದಾನೆ, ಆ ಹುಡುಗನನ್ನು ಹೇಗಾದರೂ ಸಾಗಹಾಕಬೇಕು ಅವನಿಗೆ.

ಝೈರ್ ಹುಚ್ಚ ಎಂದು ಇಡೀ ದೇಶವೇ ಹೇಳುತ್ತದೆ, ಹೇಳಲಿ. ಎರಡು ಸಲ ಬೆಳಗಿನ ಅಭ್ಯಾಸಕ್ಕೆ ಬರಲಿಲ್ಲ, ಕಾರಣ ಹೇಳಲಿಲ್ಲ, ಹೋದ ವರ್ಷವಂತೂ ಆಟದ ಮಧ್ಯದ ವಿರಾಮದಲ್ಲಿ ಅಂಗಿ ಬಿಚ್ಚಿ ಮಡಿಸಿಟ್ಟು ಕಾರು ಹತ್ತಿ ಹೊರಟೇಹೋದ, ಆ ಮಡಿಸಿದ ಅಂಗಿಯನ್ನು ಟೀವಿಯವರು ಒಂದು ವಾರ ತೋರಿಸಿದರು, ಹುಚ್ಚರು ಅಂಗಿ ಮಡಿಸಿಡುತ್ತಾರೆಯೇ, ಅದನ್ನು ಯಾರೂ ಕೇಳಲಿಲ್ಲ. ಇಪ್ಪತ್ನಾಲ್ಕು ವರ್ಷ ವಯಸ್ಸು, ಕೈಗೆ ಬಂದದ್ದು ಬಿಡುವುದಿಲ್ಲ, ಬೆರಳ ತುದಿಗೆ ತಾಗಿದರೂ ಸಾಕು, ಬೆನ್ನ ಹಿಂದಿನಿಂದ ಬಂದರೂ ಸಾಕು. ಅವಳ ತಂಡದಲ್ಲಿ ಎಸೆಯುವವನು ಚಿನ್ನದಂಥವನು, ಹಿಡಿಯುವವರು ಮಾತ್ರ ಬೆಣ್ಣೆ ಕೈಯವರು, ಐದು ಗೆಲುವು ಮೂರು ಸೋಲು, ಆ ಮೂರೂ ಸೋಲು ಕೈಜಾರಿದ ಚೆಂಡಿನಿಂದಲೇ, ಊರಿಗೆ ಗೆದ್ದ ಕಪ್ ಬಂದು ನಲವತ್ತೊಂದು ವರ್ಷವಾಯಿತು, ಅಪ್ಪ ಗಾಜಿನ ಕಾರ್ಖಾನೆಯ ಕುಲುಮೆ ಮುಂದೆ ನಿಂತು ರೇಡಿಯೋದಲ್ಲಿ ಕೇಳಿದ್ದು ಅದೇ ಕೊನೆ, ಬರುವ ವರ್ಷ ನೋಡು ನದೀನ್ ಅಂತ ಸಾಯುವವರೆಗೂ ಹೇಳುತ್ತಿದ್ದ, ಬರುವ ವರ್ಷ. ಬೇಡ, ಈ ವರ್ಷವೇ. ಅಂಕಿಅಂಶ ನೋಡಿಕೊಳ್ಳುವ ಬ್ರೆಂಟ್ ಬೆಳಿಗ್ಗೆ ಕಾಗದ ಹಿಡಿದು ಬಂದು ನಿಂತಿದ್ದ, ಮೇಡಂ ಇವ್ನು ಬಿಟ್ಟು ಹೋಗೋ ಸಾಧ್ಯತೆ ನೂರಕ್ಕೆ ಮೂವತ್ತೆಂಟು, ಹೋದ್ರೆ ನಿಮ್ ಕುರ್ಚಿನೂ ಹೋಗತ್ತೆ, ಹಾಗಂತ ನಾನ್ ಹೇಳ್ತಿಲ್ಲ, ಕಾಗದ ಹೇಳ್ತಿದೆ. ಪಾಪ, ಒಳ್ಳೆಯ ಮನುಷ್ಯ, ಚೆಂಡು ಎಂಬುದನ್ನು ಕೈಯಲ್ಲಿ ಹಿಡಿದವನಲ್ಲ. ಅವನ ಆಟದ ಯಾವ ತುಣುಕು ನೋಡಿದೆಯಪ್ಪಾ ಎಂದು ಕೇಳಿದಳು, ಅವನ ತೊಂಬತ್ತಮೂರೂ ನೋಡಿದೀನಿ ಅಂದ. ತೊಂಬತ್ತಮೂರು! ಅಷ್ಟು ಸಲ ಚೆಂಡು ಅವನ ಕಡೆ ಬಂದಿದೆ, ಅಷ್ಟು ತುಣುಕು ಕತ್ತರಿಸಿ ಜೋಡಿಸಿ ಇಟ್ಟಿದ್ದಾರೆ, ದೇಶದ ಎಲ್ಲ ತಂಡದವರೂ ಅದನ್ನೇ ನೋಡುತ್ತಾರೆ, ಅದನ್ನೇ ನೋಡಿ ಮನುಷ್ಯ ಎಂಥವನು ಎಂದು ತೀರ್ಪು ಕೊಡುತ್ತಾರೆ. ಚೆಂಡು ಕದಲಿದ್ದನ್ನೆಲ್ಲ ಎಣಿಸಿದರೆ ಅವನು ಮೈದಾನದಲ್ಲಿ ಇದ್ದದ್ದು ಆರುನೂರ ಹನ್ನೊಂದು ಸಲ. ಉಳಿದ ಐನೂರ ಹದಿನೆಂಟು ಸಲ ಅವನೇನು ಮಾಡುತ್ತಿದ್ದ ಎಂದು ನೋಡಿದವಳು ಇವಳೊಬ್ಬಳೇ, ಮೂರು ಭಾನುವಾರ, ಮೈದಾನವೆಲ್ಲ ಕಾಣುವ ದೂರದ ಚಿತ್ರ, ಮನುಷ್ಯರು ಇರುವೆಗಳಷ್ಟು, ಕಣ್ಣು ಕೆಂಪಗಾಗಿ ಹೋದವು, ಹೋಗಲಿ, ಅದಕ್ಕೇ ಅಲ್ಲವೇ ಇರುವುದು ಕಣ್ಣು.

ಯಾಕೆಂದರೆ ಕತ್ತರಿ ಹಿಡಿದಿದ್ದವಳು ಇವಳೇ. ಇಪ್ಪತ್ತಾರು ವರ್ಷದ ಹಿಂದೆ ಇದೇ ಕಟ್ಟಡದ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆ, ಚೆಂಡು ಬಂದದ್ದು ಇಟ್ಟುಕೋ ಬಾರದ್ದು ಬಿಸಾಕು ಎಂದು ಆಗಿನ ದೊಡ್ಡವರು ಹೇಳಿದ್ದರು, ಇವಳು ಬಿಸಾಕುತ್ತಿದ್ದಳು, ಕೋರ್ಲಿಸ್ ಟಿಬ್ಸನನ್ನೂ ಹಾಗೆಯೇ ಬಿಸಾಕಿದಳು. ಅವನೂ ಚೆಂಡು ಹಿಡಿಯುವವನು, ಉದ್ದ ಕುತ್ತಿಗೆ, ಮಾತೇ ಇಲ್ಲ, ಅವನೂ ಹೀಗೆಯೇ ಮೂಲೆಯಲ್ಲಿ ಒಬ್ಬನೇ ನಿಲ್ಲುತ್ತಿದ್ದ, ಕೈ ಎತ್ತುತ್ತಿರಲಿಲ್ಲ, ಅವಳು ಅದನ್ನು ನೋಡಿದ್ದಳು, ಅರೆ ಇದೇನು ಎಂದುಕೊಂಡಿದ್ದಳು, ಚೆಂಡು ಬಂದಿಲ್ಲವಲ್ಲ ಎಂದು ಕತ್ತರಿಸಿದ್ದಳು. ನಾಲ್ಕು ಸಲ ಅಭ್ಯಾಸ ತಪ್ಪಿಸಿದ ಎಂದು ತಂಡದವರು ಅವನನ್ನು ಮನೆಗೆ ಕಳಿಸಿದರು, ಸೋಮಾರಿ ಎಂದರು, ಮೇಲೆ ಏಳಲೇ ಇಲ್ಲ ಅವನು. ಏಳು ವರ್ಷದ ಮೇಲೆ ತರಕಾರಿ ಅಂಗಡಿಯಲ್ಲಿ ಸಿಕ್ಕಿದ, ಆಲೂಗೆಡ್ಡೆ ಆರಿಸುತ್ತಿದ್ದ, ನಕ್ಕ, ಆಗ ಅಮ್ಮ ಡೇಟನ್ ಆಸ್ಪತ್ರೇಲಿದ್ರು, ನಾನು ತಿನ್ಸಿದ್ರೆ ಮಾತ್ರ ತಿಂತಿದ್ರು, ಹೋಗಿ ಬರಕ್ಕೆ ಐದು ಗಂಟೆ. ಅಯ್ಯೋ ಕೋರ್ಲಿಸ್, ಒಂದು ಮಾತು ಹೇಳಬಾರದಿತ್ತಾ. ಯಾರೂ ಕೇಳ್ಲಿಲ್ವಲ್ಲ ಮಿಸ್ ನದೀನ್. ಕೋಪವಿಲ್ಲ ಏನಿಲ್ಲ, ಆಲೂಗೆಡ್ಡೆ ಒಳ್ಳೆಯದಿದೆಯೋ ಇಲ್ಲವೋ ಎಂದು ಹೇಳುವವನ ಹಾಗೆ ಹೇಳಿದ. ಅವತ್ತು ಕಾರಿನಲ್ಲಿ ಕೂತು ಅವಳು ಅತ್ತಳು, ಆಮೇಲೆ ಕಣ್ಣು ಒರೆಸಿಕೊಂಡು ಒಂದು ನಿಯಮ ಮಾಡಿಕೊಂಡಳು, ಚೆಂಡು ಬಾರದ ಕಡೆಯೇ ನೋಡಬೇಕು, ಆ ನಿಯಮವೇ ಅವಳನ್ನು ನೆಲಮಾಳಿಗೆಯಿಂದ ಈ ಕಿಟಕಿಯಿರುವ ಕೋಣೆಗೆ ಹತ್ತಿಸಿದ್ದು, ಯಾರ ದಯೆಯೂ ಅಲ್ಲ. ಈ ಹುಡುಗನಿಗೂ ಏನೋ ಇದೆ, ತಾಯಿಯೋ ತಮ್ಮನೋ ಇನ್ನೇನೋ, ಏನೆಂದು ಗೊತ್ತಿಲ್ಲ, ಕೇಳುವಂತೆಯೂ ಇಲ್ಲ, ಬೇರೆ ತಂಡದವನ ಜೊತೆ ಒಂದು ಮಾತಾಡಿದರೂ ತಪ್ಪು, ಶಿಕ್ಷೆ ಉಂಟು, ಮೊದಲು ಕರೆದುಕೊಂಡು ಬರಬೇಕು, ಆಮೇಲೆ ಕೇಳಬೇಕು, ಇಂಥ ವಿಚಿತ್ರ ಮದುವೆ ಇನ್ನೆಲ್ಲಿದೆ. ಆದರೂ ಅವಳಿಗೆ ಗೊತ್ತು. ವಿಮಾನ ಇಳಿದ ಕೂಡಲೇ ಎದುರು ಕೂರಿಸಿಕೊಂಡು ಕೇಳುತ್ತಾಳೆ, ಏನಪ್ಪಾ ಬೇಕು ನಿನಗೆ, ಅಷ್ಟೇ ಸಾಕು, ಅಷ್ಟನ್ನು ಕೇಳಿದವರು ಅವನಿಗೆ ಇದುವರೆಗೆ ಸಿಕ್ಕಿಲ್ಲ, ಸಿಕ್ಕಿದ್ದರೆ ಅಂಗಿ ಮಡಿಸಿಟ್ಟು ಹೋಗುತ್ತಿರಲಿಲ್ಲ.

ಸಿಕ್ಕಿಕೊಂಡಿರುವುದು ಒಂದೇ ಒಂದು ಮುಳ್ಳು, ಬದಲಿಗೆ ರಸ್ ಕೇಳುತ್ತಿರುವುದು ವೆಂಡೆಲ್ ಓಕ್ಸನನ್ನು. ನಾಯಕ ವೆಂಡೆಲ್, ಒಂಬತ್ತು ವರ್ಷದಿಂದ ಹಿಂದಿನ ಸಾಲಿನ ಕಾವಲು, ಎದುರಾಳಿಯ ಚೆಂಡು ಹಿಡಿಯುವವರಿಗೆ ಗೋಡೆಯಾಗಿ ನಿಂತವನು, ಎಡ ಮಂಡಿ ಮೆಟ್ಟಿಲು ಹತ್ತುವಾಗ ಲಟಲಟ ಎನ್ನುತ್ತದೆ — ಎನ್ನುತ್ತಲೇ ಇದೆ, ಬಂದ, ಮಂಗಳವಾರ ಆಟಗಾರರಿಗೆಲ್ಲ ರಜೆ, ಇವನೊಬ್ಬ ಬಂದು ಮಂಡಿಗೆ ಮಂಜುಗಡ್ಡೆ ಕಟ್ಟಿಸಿಕೊಳ್ಳುತ್ತಾನೆ, ನದಿಯಾಚೆಯ ಅಂಗಡಿಯಿಂದ ಖಾರದ ಸಾಸೇಜು ಬನ್ನು ಎರಡು ತರುತ್ತಾನೆ, ಒಂದು ಅವನಿಗೆ ಒಂದು ಅವಳಿಗೆ, ಈರುಳ್ಳಿ ಹೆಚ್ಚಿಗೆ. ಮಿಸ್ ನದೀನ್, ಒಳಗ್ ಬರ್ಲಾ. ಬಾ ಬಾ, ಪರದೆ ಆರಿಸಬೇಕೆನಿಸಿತು, ಆರಿಸಲಿಲ್ಲ, ಮುಚ್ಚಿಡುವುದು ಅವಳ ಜಾಯಮಾನವಲ್ಲ, ಅವನು ಬನ್ನಿನ ಪೊಟ್ಟಣ ಬಿಚ್ಚುತ್ತಾ ನೋಡಿದ, ಓ ಇವ್ನಾ ಅಂದ. ಸೆಪ್ಟೆಂಬರ್ ಆಟದಲ್ಲಿ ಇವನಿಗೆ ಕಾವಲು ನಿಂತಿದ್ದು ನೀನೇ ಅಲ್ವಾ ವೆಂಡೆಲ್, ಹೇಗಿದ್ದ. ಹೇಗಿದ್ನಾ, ಮೂರು ಸಲ ನನ್ನನ್ನ ಅಲ್ಲೇ ನಿಲ್ಸಿ ಹೋದ, ಮೂರು ಸಲಾನೂ ಚೆಂಡು ಬರ್ಲಿಲ್ಲ ಅವ್ನಿಗೆ, ಬೇರೆಯವ್ನಾಗಿದ್ರೆ ಮಾರನೇ ದಿನದವರೆಗೂ ನನ್ ಜೀವ ತಿಂತಿದ್ದ, ಇವ್ನು ವಾಪಸ್ ಬರ್ತಾ ನನ್ ಮಂಡಿ ನೋಡಿ, ತುಂಬಾ ನೋಯ್ತಿದ್ಯಾ ಅಣ್ಣಾ ಅಂದ. ನೋಡಿದಿರಾ, ನೋಡಿದಿರಾ, ಬ್ರೆಂಟ್‌ನ ಕಾಗದದಲ್ಲಿ ಇದಿದೆಯೇ, ಅವಳಿಗೆ ಎದೆಯುಬ್ಬಿ ಬಂತು, ಮೂರು ಭಾನುವಾರದ ಕೆಂಪು ಕಣ್ಣಿಗೆ ಸಾಕ್ಷಿ ಸಿಕ್ಕಿತು, ಇನ್ನೊಮ್ಮೆ ಹೇಳಿಸಿದಳು, ಅವನು ಮಂಡಿ ನೋಡಿದ್ದು ಹೇಗೆ, ಅಣ್ಣಾ ಅಂದದ್ದು ಹೇಗೆ. ವೆಂಡೆಲ್ ತಾಳ್ಮೆಯಿಂದ ಹೇಳಿದ. ಆಮೇಲೆ ಬಾಯಿ ಒರೆಸಿಕೊಂಡು, ಬದಲಿಗೆ ನನ್ನನ್ನ ಕೇಳ್ತಿದಾರಲ್ವಾ ಅಂದ. ಹೌದು ಅಂದಳು. ಸುಳ್ಳು ಹೇಳುವವಳಲ್ಲ. ಅವನು ತಲೆಯಾಡಿಸಿದ, ಪರದೆಯನ್ನೇ ನೋಡುತ್ತಾ, ನಾನ್ ನಿಮ್ ಜಾಗದಲ್ಲಿದ್ರೆ ಕೊಡ್ತಿದ್ದೆ ಮಿಸ್ ನದೀನ್, ಅವ್ನಿಗೆ ಇನ್ನೂ ಹತ್ತು ವರ್ಷ ಇದೆ, ನಂಗೆ ಈ ಮಂಡಿ ಇದೆ, ಒಂದೇ ಮಾತು, ಟೀವಿಲಿ ನೋಡಿ ನಂಗೆ ಗೊತ್ತಾಗೋದು ಬೇಡ, ನೀವೇ ಹೇಳಿ. ನಾನೇ ಹೇಳ್ತೀನಿ. ಎದ್ದ, ಬಾಗಿಲ ಹಿಡಿ ಹಿಡಿದು ಸ್ವಲ್ಪ ನಿಂತ, ಹಿಡಿ ಸಡಿಲವಾಗಿದೆಯೇನೋ ಎಂದು ಅಲ್ಲಾಡಿಸಿ ನೋಡಿದ, ಇವತ್ತು ಟೆರೆಸಾ ಅಡುಗೆಮನೆಗೆ ಬಣ್ಣ ಹಚ್ತಿದಾಳೆ ಎಂದು ಹೆಂಡತಿಯ ಸುದ್ದಿ ಹೇಳಿದ. ಯಾವ ಬಣ್ಣ. ಹಳದಿ. ನಮ್ಮನೇದೂ ಹಳದಿನೇ, ಚೆನ್ನಾಗಿರತ್ತೆ. ಹೂಂ ಅಂದ, ಹೋದ, ಲಟಲಟ ಎಂದು ಮೆಟ್ಟಿಲಿಳಿದ. ಎಂಥ ಮನುಷ್ಯ, ಮುಳ್ಳನ್ನು ಅವನೇ ಕಿತ್ತುಕೊಟ್ಟು ಹೋದ, ಇಂಥವರು ಈಗ ಎಲ್ಲಿದ್ದಾರೆ.

ಮೂರೂ ಇಪ್ಪತ್ತು, ಈಗ ಅವಳೇ ಫೋನು ಮಾಡಿದಳು, ವೆಂಡೆಲನ ಬದಲು ಬೇರೆ ಯಾರನ್ನಾದರೂ ತಗೋ ರಸ್, ಬೇಕಿದ್ದರೆ ಇಬ್ಬರನ್ನು ತಗೋ ಎಂದು ಕೊನೆಯ ಸಲ ಕೇಳಿ ನೋಡಿದಳು, ಕೇಳಲಿಲ್ಲ ಎನ್ನುವಂತಾಗಬಾರದು. ಆಗಲ್ಲ ನದೀನ್, ನಂಗೆ ವೆಂಡೆಲೇ ಬೇಕು, ನಮ್ ಹುಡುಗ್ರಿಗೆ ದೊಡ್ಡೋರು ಅಂತ ಒಬ್ರಿಲ್ಲ, ಇಷ್ಟಕ್ಕೂ ಕೋಲ್ಕಿಟ್‌ನ ತಗೊಂಡ್ರೆ ತಲೆನೋವು ನಿನಗೆ ಪುಕ್ಕಟೆ ಬರತ್ತೆ, ಆಮೇಲೆ ನನ್ನ ಬೈಬೇಡಮ್ಮಾ. ಅವಳಿಗೆ ನಗು ಬಂತು, ವಜ್ರ ಕೊಡುತ್ತಾ ಕಲ್ಲು ಕೊಡುತ್ತಿದ್ದೇನೆ ಎಂದು ಮರುಗುತ್ತಿರುವ ಮಹರಾಯ, ಅವನೂ ತೊಂಬತ್ತಮೂರನ್ನೇ ನೋಡಿದವನು, ನಗು ನುಂಗಿಕೊಂಡಳು, ಕಣ್ಣು ಪರದೆಯ ಮೇಲೆ, ಮೂಲೆಯಲ್ಲಿ ಒಬ್ಬ, ಸುತ್ತ ಯಾರೂ ಇಲ್ಲ, ಕೈ ಕೆಳಗೆ, ಬಂದೆ ಕಣಪ್ಪಾ, ಇನ್ನು ನಲವತ್ತು ನಿಮಿಷ, ನಿನ್ನನ್ನು ನಾನು ನೋಡಿದ್ದೇನೆ, ನೀನು ಕೈ ಎತ್ತದಿದ್ದರೂ ನೋಡಿದ್ದೇನೆ. ಆಯ್ತು ರಸ್, ವೆಂಡೆಲ್‌ನ ಕೊಟ್ಟೆ. ಎಷ್ಟು ಸಲೀಸಾಗಿ ಬಂತು ಬಾಯಿಂದ. ಎರಡೂ ಕಡೆಯಿಂದ ಲೀಗ್ ಕಚೇರಿಗೆ ಕಾಗದ ಹೋಯಿತು, ಮೂರೂ ಮೂವತ್ತೊಂಬತ್ತಕ್ಕೆ ಒಪ್ಪಿಗೆ ಬಂತು, ಇನ್ನು ದೇವರು ಬಂದು ಕೇಳಿದರೂ ಬದಲಾಗದು, ಬ್ರೆಂಟ್ ಕೆಳಗಿನಿಂದ ದೇವ್ರು ಕಾಪಾಡ್ಲಿ ಮೇಡಂ ಎಂದು ಸಂದೇಶ ಕಳಿಸಿದ, ಕಾಪಾಡುತ್ತಾನೆ ಹೋಗು. ಈಗ ವೆಂಡೆಲ್‌ಗೆ ಹೇಳಬೇಕು, ಟೀವಿಯವರಿಗಿಂತ ಮೊದಲು, ಹೇಳುತ್ತಾಳೆ, ಮಾತು ಕೊಟ್ಟಿದ್ದಾಳೆ, ಏನು ಹೇಳಬೇಕೆಂದೂ ಗೊತ್ತಿದೆ, ಅವನ ಸಾಮಾನನ್ನು ಚೀಲಕ್ಕೆ ತುಂಬುವ ಕೆಲಸದವರಿಗೆ ಬಿಡದೆ ತಾನೇ ನಿಂತು ಕಟ್ಟಿಸಬೇಕು, ವಿಮಾನ ನಿಲ್ದಾಣಕ್ಕೆ ತಾನೇ ಬಿಡಬೇಕು, ಟೆರೆಸಾಗೆ ಫೋನು ಮಾಡಬೇಕು, ಟೆರೆಸಾ ಏಣಿ ಮೇಲಿರಬಹುದು, ಹಳದಿ ಬಣ್ಣದ ಕೈ, ಯಾಕೆ ಹೇಳಿದ ಅವನು ಬಣ್ಣದ ಮಾತು, ಹೋಗುವವನು ಯಾಕೆ —

ಕಾಫಿ ಲೋಟ ಹಿಡಿದು ಎದ್ದಳು, ಕಿಟಕಿಗೆ ಬಂದಳು, ಮಂಗಳವಾರ ವೆಂಡೆಲ್ ಹೊರಡುವಾಗ ಕೆಳಗಿನಿಂದ ಕೈ ಎತ್ತುತ್ತಾನೆ ಇವಳು ಮೇಲಿನಿಂದ ಲೋಟ ಎತ್ತುತ್ತಾಳೆ, ಒಂಬತ್ತು ವರ್ಷದ ವಾಡಿಕೆ, ಇನ್ನೂ ಹೋಗಿರಲಿಕ್ಕಿಲ್ಲ, ಕೂಗಿ ಕರೆಯೋಣ ಎಂದು. ಕಾರು ನಿಲ್ಲಿಸುವಲ್ಲಿ ಅವನಿಲ್ಲ. ಅಭ್ಯಾಸದ ಮೈದಾನ ಖಾಲಿ, ಕೆರೆಯ ಕಡೆಯಿಂದ ಗಾಳಿ, ಹುಲ್ಲಿನ ಮೇಲೆ ಹೊಸ ಸುಣ್ಣದ ಗೆರೆ, ಎರಡು ಗೆರೆ ಸೇರುವ ಮೂಲೆಯಲ್ಲಿ ಅವನು ನಿಂತಿದ್ದಾನೆ, ಮುಖ ಇತ್ತ, ಕಿಟಕಿಯನ್ನೇ ನೋಡುತ್ತಿದ್ದಾನೆ, ಎಷ್ಟು ಹೊತ್ತಿನಿಂದ ನಿಂತಿದ್ದಾನೋ. ಅವಳು ಲೋಟ ಎತ್ತಿದಳು. ಅವನು ಎತ್ತಲಿಲ್ಲ. ಹುಡುಗ ಹೇಗಿದ್ದ ಎಂದು ಎರಡು ಸಲ ಕೇಳಿದಳು, ಯಾವ ಬಣ್ಣ ಎಂದು ಕೇಳಿದಳು, ನಿನಗೇನು ಬೇಕು ವೆಂಡೆಲ್ ಎಂದು ಕೇಳಲಿಲ್ಲ, ಬಾಗಿಲ ಹಿಡಿ ಹಿಡಿದು ಅಷ್ಟು ಹೊತ್ತು ನಿಂತಿದ್ದ, ಯಾರೂ ಕೇಳ್ಲಿಲ್ವಲ್ಲ ಮಿಸ್ ನದೀನ್, ಎತ್ತಿದ ಲೋಟ ಎತ್ತಿದಂತೆಯೇ ಇದೆ, ಇನ್ನೊಂದು ಕೈಯ ಹೆಬ್ಬೆರಳು ತಾನಾಗಿ ಮಡಚಿ ಗುಂಡಿ ಒತ್ತುತ್ತಿದೆ, ಹಿಂದಕ್ಕೆ, ಹಿಂದಕ್ಕೆ, ಮೈದಾನದಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಬಾಗಿಲಿಗೆ, ಬೆರಳಡಿ ಗುಂಡಿಯಿಲ್ಲ, ಕಿಟಕಿಯ ಗಾಜು ತಣ್ಣಗಿದೆ, ಅವನು ಹಿಂದಕ್ಕೆ ಓಡುತ್ತಿಲ್ಲ, ಮೂಲೆಯಲ್ಲಿ ಒಬ್ಬ, ಸುತ್ತ ಯಾರೂ ಇಲ್ಲ, ಕೈ ಕೆಳಗೆ.