ಕ್ಲಬ್‌ಹೌಸಿನಲ್ಲಿ ಧ್ರುವ ನಕ್ಷತ್ರ

ಶನಿವಾರದ ಷೋ ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ಮಕ್ಕಳಿಗೆ ಎಂದು ತಿಳಿದ ದಿನದಿಂದ ನನಗೆ ಒಂದು ಸಣ್ಣ ಭಯ ಹತ್ತಿಕೊಂಡಿತ್ತು. ಅವರು ಪ್ರಶ್ನೆ ಕೇಳುತ್ತಾರೆ. ಇದನ್ನು ಯಾರ ಹತ್ತಿರವೂ ಹೇಳುವಂತಿರಲಿಲ್ಲ. ಫಿಸಿಕ್ಸ್‌ನಲ್ಲಿ ಬಿ.ಎಸ್ಸಿ. ಮಾಡಿದವಳು ಎಂಟೊಂಬತ್ತು ವರ್ಷದ ಮಕ್ಕಳಿಗೆ ಹೆದರುತ್ತಾಳೆ ಎಂದರೆ ಅಮ್ಮನೇ ನಗುತ್ತಾಳೆ. ಉತ್ತರ ಗೊತ್ತಿರುತ್ತದೆ, ನಾಲ್ಕು ಮುಖಗಳು ನನ್ನ ಕಡೆ ತಿರುಗಿದರೆ ಸಾಕು, ಅದು ಗಂಟಲಲ್ಲೇ ಕೂತುಬಿಡುತ್ತದೆ. ಶಾಲೆಗಳಲ್ಲಾದರೆ ಈ ಕಷ್ಟವಿಲ್ಲ. ಟೀಚರು 'ಬಾಯಿ ಮೇಲೆ ಬೆರಳು' ಎಂದರೆ ಮುಗಿಯಿತು.

ನಾನು ಮೋಹನದಾಸ ಸರ್ ಅವರ ಸಂಚಾರಿ ತಾರಾಲಯದಲ್ಲಿ ಕೆಲಸಕ್ಕಿದ್ದೆ. ತಾರಾಲಯ ಎಂದರೆ ದೊಡ್ಡದೇನಲ್ಲ. ಗಾಳಿ ತುಂಬಿಸಿ ನಿಲ್ಲಿಸುವ ಒಂದು ಕಪ್ಪು ಗುಮ್ಮಟ, ಒಂದು ಪ್ರೊಜೆಕ್ಟರ್, ಹೊರದೇಶದಿಂದ ತರಿಸಿದ ಒಂದೇ ಒಂದು ಚಿತ್ರ. ಅವರು ಮೊದಲು ಮದುವೆಗಳಿಗೆ ಸೌಂಡ್, ಲೈಟ್ ಬಾಡಿಗೆಗೆ ಕೊಡುತ್ತಿದ್ದರು. ಗುಮ್ಮಟ ಬಿಚ್ಚುವುದು, ಬ್ಲೋವರ್ ಹಚ್ಚುವುದು, ಚಪ್ಪಲಿ ಬಿಡಿಸಿ ಮಕ್ಕಳನ್ನು ಒಳಗೆ ಕೂರಿಸುವುದು, ಗುಂಡಿ ಒತ್ತುವುದು ನನ್ನ ಪಾಲು. ಮಾತೆಲ್ಲ ಚಿತ್ರದೊಳಗಿನ ಇಂಗ್ಲಿಷ್ ದನಿಯದು. ನಾನೇ ಮಾತಾಡುವ ಷೋ ಮಾಡೋಣ ಎಂದು ನಾನು ಕೆಲಸಕ್ಕೆ ಸೇರುವಾಗ ಸರ್ ಹೇಳಿದ್ದರು. ಆ ಮಾತಿಗೆ ವರ್ಷವಾಗಿತ್ತು.

"ಈ ಹೋಮ್‌ಸ್ಕೂಲ್‌ನವರು ತಿಂಗಳಿಗೊಂದು ಷೋ ಒಪ್ಪಲಿ ಮಾರಾಯ್ತಿ, ರೆಕಾರ್ಡಿಂಗ್ ಬಂದ್. ಎಲ್ಲ ನೀನೇ ಮಾತಾಡು," ಎಂದು ಟೆಂಪೋದಲ್ಲಿ ಮತ್ತೆ ಹೇಳಿದರು.

ನಾನು ತಲೆಯಾಡಿಸಿದೆ. ಆಸೆ ನನಗೆ ನಿಜವಾಗಿಯೂ ಇತ್ತು. ಗುಮ್ಮಟದ ಕತ್ತಲಲ್ಲಿ ಯಾರ ಮುಖವೂ ಕಾಣುವುದಿಲ್ಲ. ಅಲ್ಲಿ ನಾನು ಮಾತಾಡಬಲ್ಲೆ ಎನ್ನಿಸುತ್ತಿತ್ತು. ಡೊಂಬಿವಲಿಯ ನಮ್ಮ ಮನೆಯ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸವನ್ನೂ ಮಾಡಿದ್ದೆ.

ಠಾಣೆಯ ಘೋಡಬಂದರ್ ರಸ್ತೆಯ ಒಂದು ವಸತಿ ಕಾಂಪ್ಲೆಕ್ಸಿನ ಕ್ಲಬ್‌ಹೌಸಿನಲ್ಲಿ ಜಯಲತಾ ಅಕ್ಕ ಕಾಯುತ್ತಿದ್ದರು. ಉಡುಪಿ ಕಡೆಯವರು. ಮಗಳು ಅನುಷ್ಕಾಳನ್ನು ಎರಡು ವರ್ಷದ ಹಿಂದೆ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದರು. ಹಾಗೇ ಕಲಿಸುವ ಇನ್ನೂ ಹತ್ತಾರು ಮನೆಯವರನ್ನು ಸೇರಿಸಿಕೊಂಡಿದ್ದರು.

"ಯಾವ ಸ್ಟ್ಯಾಂಡರ್ಡ್ ಮಕ್ಕಳು ಮೇಡಂ?" ಎಂದರು ಮೋಹನದಾಸ ಸರ್.

"ನಮ್ಮಲ್ಲಿ ಸ್ಟ್ಯಾಂಡರ್ಡ್ ಇಲ್ಲ."

"ಹಾಗಾದ್ರೆ ಯಾವ ಪಿಕ್ಚರ್ ಹಾಕುವುದು?"

"ನಿಮ್ಮ ಹತ್ರ ಎಷ್ಟು ಉಂಟು?"

"ಒಂದು."

ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕರೊಬ್ಬರು ಗೊಳ್ಳೆಂದು ನಕ್ಕರು. ಜಯಲತಾ ಅಕ್ಕನ ಮಾವ ಸರ್ವೋತ್ತಮರಾಯರು. ನೌಪಾಡಾದಲ್ಲಿ ಹೋಟೆಲು ನಡೆಸಿದವರು. "ಶಾಲೆ ಇಲ್ಲದ ಶಾಲೆ ಹೇಗಿರ್ತದೆ, ನೋಡುವ ಅಂತ ಬಂದೆ," ಎಂದು ನನಗೆ ಹೇಳಿದರು. "ಜೂನಿಗೆ ಮೊಮ್ಮಗಳಿಗೆ ಅಡ್ಮಿಷನ್ ಮಾತಾಡಿಟ್ಟಿದ್ದೇನೆ. ಮಗ ಹೂಂ ಅಂದಿದ್ದಾನೆ. ಇವಳೊಬ್ಬಳದ್ದು ಹಠ."

ಜಯಲತಾ ಅಕ್ಕ ಕೇಳಿಸದವರಂತೆ ಚಪ್ಪಲಿಗಳನ್ನು ಜೋಡಿಸುತ್ತಿದ್ದರು.

ನಾನು ಗುಮ್ಮಟ ಹಾಸಿದೆ. ವೈರು ಚಿಕ್ಕದು, ಪ್ಲಗ್ ಪಾಯಿಂಟ್ ಯಾವ ಗೋಡೆಗಿದೆಯೋ ಆ ಗೋಡೆಯೇ ನಮ್ಮ ಉತ್ತರ ದಿಕ್ಕು. ಇಂದು ಅದು ಟೇಬಲ್ ಟೆನಿಸ್ ರೂಮಿನ ಕಡೆಗಿತ್ತು. ಶಾಲೆಯ ಮಕ್ಕಳು ಸಾಲಾಗಿ ತೆವಳಿಕೊಂಡು ಒಳಗೆ ಹೋಗಿ ಹಂದದೆ ಕೂರುತ್ತಾರೆ. ಇವರು ಹೋದರು, ಬಂದರು, ಮತ್ತೆ ಹೋದರು. ಒಬ್ಬನಿಗೆ ಬ್ಲೋವರ್ ನೋಡಬೇಕು. ಒಬ್ಬಳಿಗೆ ಅಮ್ಮನ ಪಕ್ಕ ಬೇಡ, ಗೆಳತಿಯ ಪಕ್ಕ ಬೇಕು. "ದೀದೀ, ಹವಾ ಬಂದ್ ಕರೇಂಗೆ ತೋ ಕ್ಯಾ ಹೋಗಾ?" ಎಂದು ಕೇಳಿದವನು ನಾನು ಬಾಯಿ ತೆರೆಯುವ ಮೊದಲೇ ಬ್ಲೋವರಿನ ಗಾಳಿ ನಿಲ್ಲಿಸಿ ನೋಡಿದ. ಷೋ ಶುರುವಾದ ಮೇಲೂ ಬಾಗಿಲ ಝಿಪ್ ತೆಗೆದಷ್ಟೂ ಗಾಳಿ ಸೋರಿ ಗುಮ್ಮಟ ಕುಸಿಯಿತು. ಶನಿಗ್ರಹ ಜಯಲತಾ ಅಕ್ಕನ ತುರುಬಿನ ಮೇಲೆ ಬಂದು ಕೂತಿತು.

"ಒಂದು ಝಿಪ್ ಹಿಡಿದುಕೊಳ್ಲಿಕ್ಕೆ ಆಗುವುದಿಲ್ವಾ ನಿಂಗೆ?" ಕತ್ತಲಲ್ಲಿ ಮೋಹನದಾಸ ಸರ್ ಗದರಿದರು. ನಾನು ಅರ್ಧ ಗಂಟೆ ಝಿಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲಿಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿ ಕೂತೆ. ಇಂಗ್ಲಿಷ್ ದನಿ ತನ್ನ ಪಾಡಿಗೆ ನಕ್ಷತ್ರಗಳನ್ನು ಹೆಸರು ಹಿಡಿದು ಕರೆಯುತ್ತಿತ್ತು. ಚಿಕ್ಕವರಿಗೆ ಅದು ತಿಳಿಯದು, ದೊಡ್ಡವರಿಗೆ ಸಾಲದು. ನಾನಾಗಿದ್ದರೆ ಹೇಗೆ ಹೇಳುತ್ತಿದ್ದೆನೆಂದು ಮನಸ್ಸಿನಲ್ಲೇ ಹೇಳಿಕೊಂಡು, ಇನ್ನಷ್ಟು ಕುದಿದೆ.

ಷೋ ಮುಗಿದು ಎಲ್ಲರೂ ಹೊರಗೆ ಜಮಖಾನದ ಮೇಲೆ ಕೂತರು. ತಾಯಂದಿರು ತಿಂಗಳ ಷೋ ವಿಚಾರ ತೆಗೆದರು. ಮೋಹನದಾಸ ಸರ್ ಹುರುಪಿನಲ್ಲಿ, "ಯಾರಿಗಾದರೂ ಪ್ರಶ್ನೆ?" ಎಂದರು.

ಅನುಷ್ಕಾ ಎದ್ದು ನಿಂತಳು. "ಅಂಕಲ್, ನಿಮ್ಮ ಧ್ರುವ ತಾರಾ ತುಂಬಾ ಮೇಲೆ ಇದೆ. ನಮ್ಮ ಬಾಲ್ಕನಿಯಿಂದ ಅಷ್ಟು ಮೇಲೆ ಇಲ್ಲ." ಬಲಗೈ ನೀಟಾಗಿ ಮುಂದೆ ಚಾಚಿ ಮುಷ್ಟಿ ಕಟ್ಟಿ, ಅದರ ಮೇಲೆ ಇನ್ನೊಂದು ಮುಷ್ಟಿ ಇಟ್ಟಳು. "ಇಷ್ಟೇ. ಖಾಡಿಯ ನೀರಿನ ಮೇಲೆ, ಎರಡು ಮುಷ್ಟಿ. ನಿಮ್ಮದ್ರಲ್ಲಿ ಐದು ಬಂತು."

"ಅದು ಟವರಿನ ಲೈಟ್ ಪುಟ್ಟಾ," ಎಂದು ಮೋಹನದಾಸ ಸರ್ ನಕ್ಕರು. ಒಂದಿಬ್ಬರು ತಾಯಂದಿರೂ ನಕ್ಕರು.

"ಲೈಟ್ ಅಲ್ಲ. ಊಟಕ್ಕೆ ಮುಂಚೆ ನೋಡಿದೆ, ಊಟ ಆದ ಮೇಲೂ ನೋಡಿದೆ. ಬೇರೆ ಎಲ್ಲ ಸರೀತವೆ, ಅದು ಸರಿಯುವುದಿಲ್ಲ."

"ಟವರ್ ಎಲ್ಲಿ ಸರೀತದೆ?" ಎಂದರು ಸರ್ವೋತ್ತಮರಾಯರು. ಈಗ ಎಲ್ಲರೂ ನಕ್ಕರು. ಅವರು ಸೊಸೆಯ ಕಡೆ ತಿರುಗಿದರು. "ನೋಡಿದೆಯಾ ಜಯಾ? ತಿದ್ದಲಿಕ್ಕೆ ಒಬ್ಬ ಮಾಸ್ಟ್ರು ಇಲ್ಲದಿದ್ರೆ ಹೀಗೇ ಆಗುವುದು. ಕಂಡದ್ದೆಲ್ಲ ನಕ್ಷತ್ರ! ಸೋಮವಾರವೇ ಶಾಲೆಗೆ ಫೋನ್ ಮಾಡ್ತೇನೆ. ಇನ್ನು ಮಾತಿಲ್ಲ."

"ಮಾವ, ಎಲ್ಲರ ಎದುರು ಬೇಡ," ಎಂದರು ಜಯಲತಾ ಅಕ್ಕ. ಅವರ ದನಿಯಲ್ಲೂ ಸಂಶಯ ಸೇರಿಕೊಂಡಿತ್ತು. ಅನುಷ್ಕಾಳ ಮುಷ್ಟಿಗಳು ಇನ್ನೂ ಗಾಳಿಯಲ್ಲೇ ಇದ್ದವು. ಅವಳು ಅಮ್ಮನನ್ನು ನೋಡಿದಳು, ಆಮೇಲೆ ತನ್ನ ಕೈಗಳನ್ನೇ ನೋಡಿಕೊಂಡಳು, ಅವೇ ಏನೋ ತಪ್ಪು ಮಾಡಿದವೇನೋ ಎಂಬಂತೆ.

ಅವಳದ್ದು ತಪ್ಪಲ್ಲವೆಂದು ನನಗೆ ಗೊತ್ತಿತ್ತು. ಆ ಚಿತ್ರ ಬಹು ಉತ್ತರದ ಯಾವುದೋ ದೇಶದ ಆಕಾಶವನ್ನು ನೋಡಿ ಮಾಡಿದ್ದು. ಉತ್ತರಕ್ಕೆ ಹೋದಷ್ಟೂ ಧ್ರುವ ನಕ್ಷತ್ರ ಮೇಲೇರುತ್ತದೆ. ಠಾಣೆಯಲ್ಲಿ ಅದು ದಿಗಂತದಿಂದ ಎರಡು ಮುಷ್ಟಿಯಷ್ಟೇ ಎತ್ತರ. ಸೇರಿದ ಹೊಸತರಲ್ಲೇ ನಾನಿದನ್ನು ಮೋಹನದಾಸ ಸರ್‌ಗೆ ಮೆಲ್ಲಗೆ ಹೇಳಿದ್ದೆ. "ಪಿಕ್ಚರನ್ನು ಬಗ್ಗಿಸ್ಲಿಕ್ಕೆ ಆಗ್ತದಾ? ಯಾವ ಮಗು ಮನೆಗೆ ಹೋಗಿ ಅಳೀತದೆ ಮಾರಾಯ್ತಿ?" ಎಂದು ತಳ್ಳಿಹಾಕಿದ್ದರು. ಇಷ್ಟೊಂದು ಶಾಲೆ ತಿರುಗಿದ್ದೆವು, ಯಾವ ಮಗುವೂ ಅಳೆದಿರಲಿಲ್ಲ. ಅಳೆದ ಒಬ್ಬಳನ್ನು ನೋಡಿ ಈಗ ಎಲ್ಲರೂ ಸೇರಿ ನಗುತ್ತಿದ್ದರು.

"ಬೇಕಾದ್ರೆ ನಮ್ಮ ನಿಶ್ಮಿತಾ ಮೇಡಂ ಹತ್ರ ಕೇಳಿ," ಎಂದು ಮೋಹನದಾಸ ಸರ್ ನನ್ನತ್ತ ಕೈ ತೋರಿಸಿದರು. ನನ್ನನ್ನು ಮೇಡಂ ಎಂದು ಕರೆದದ್ದು ಅದೇ ಮೊದಲು. "ಬಿ.ಎಸ್ಸಿ. ಫಿಸಿಕ್ಸ್. ಹೇಳಿ ಮೇಡಂ, ಪಿಕ್ಚರ್ ಸರಿಯಾಗಿಯೇ ಉಂಟಲ್ವಾ?" ಹಾಗೆನ್ನುತ್ತ, ತಲೆಯಾಡಿಸಿಬಿಡು ಎಂದು ಕಣ್ಣಲ್ಲೇ ಸನ್ನೆ ಮಾಡಿದರು.

ಮುಖಗಳೆಲ್ಲ ತಿರುಗಿದವು. ತಲೆಯಾಡಿಸಿದರೆ ತಿಂಗಳಿಗೊಂದು ಷೋ ನಮ್ಮದು, ಮಾತು ನನ್ನದು. ಆದರೆ ಅದನ್ನು ಕೇಳಲು ಅನುಷ್ಕಾ ಇಲ್ಲಿ ಇರುವುದಿಲ್ಲ, ಅಜ್ಜ ಅವಳನ್ನು ಶಾಲೆಗೆ ಹಾಕಿರುತ್ತಾರೆ. ಇದ್ದರೂ ಇನ್ನೊಮ್ಮೆ ಬಾಲ್ಕನಿಗೆ ಹೋಗಿ ಕೈ ಚಾಚುವುದಿಲ್ಲ. ನನ್ನ ಕತ್ತು ಅಭ್ಯಾಸಬಲದಿಂದ ಒಮ್ಮೆ ಅಲ್ಲಾಡಿಯೇಬಿಟ್ಟಿತು. ಮೋಹನದಾಸ ಸರ್ ನಿರಾಳವಾಗಿ ತಾಯಂದಿರ ಕಡೆ ತಿರುಗಿದರು. ಅನುಷ್ಕಾ ಕೈ ಇಳಿಸತೊಡಗಿದಳು.

"ಇಳಿಸಬೇಡ," ಎಂದೆ.

ದನಿ ನನಗೇ ಒರಟಾಗಿ ಕೇಳಿಸಿತು. ಸರ್ವೋತ್ತಮರಾಯರು, "ಎಂತ? ಜೋರು ಹೇಳಮ್ಮ," ಎಂದು ಕಿವಿಗೆ ಕೈ ಹಿಡಿದರು.

ನಾನು ಜೋರಾಗಿ ಹೇಳಿದೆ: "ಅವಳು ಸರಿಯಾಗೇ ನೋಡಿದ್ದಾಳೆ ರಾಯರೇ. ನಾವು ತೋರಿಸಿದ್ದು ಇಲ್ಲಿಯ ಆಕಾಶ ಅಲ್ಲ."